ರೆಗ್ಯುಲೇಟರ್ ಮುಚ್ಚುವ ಕೈ

ಉಗಿ ಎಂಜಿನ್ನಿನ ರೆಗ್ಯುಲೇಟರ್, ಅಂದರೆ ಬಾಯ್ಲರಿನಿಂದ ಸಿಲಿಂಡರಿಗೆ ಉಗಿ ಬಿಡುವ ವಾಲ್ವ್, ತೆರೆಯುವುದನ್ನು ಯಾರಿಗೆ ಬೇಕಾದರೂ ಒಂದು ಬೆಳಗಿನಲ್ಲಿ ಹೇಳಿಕೊಡಬಹುದು. ಮುಚ್ಚುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಫೈರ್‌ಮ್ಯಾನ್ ಆಗಿ ಕಲ್ಲಿದ್ದಲು ಹಾಕುತ್ತಿದ್ದಾಗ ಡ್ರೈವರ್ ಅವರ ಕೈಯ ಮೇಲೇ ನನ್ನ ಕಣ್ಣಿರುತ್ತಿತ್ತು. ಮುಂದೆ ಆ ಹಿಡಿ ನನ್ನ ಕೈಗೇ ಬಂತು. ಎರಡೂ ಕಡೆ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ.

ಹಿಡಿ ಇರುವುದು ಕ್ಯಾಬಿನಲ್ಲಿ, ಆದರೆ ವಾಲ್ವ್ ಇರುವುದು ಸಾಮಾನ್ಯವಾಗಿ ಬಾಯ್ಲರಿನ ನೆತ್ತಿಯ ಮೇಲಿನ ಡೋಮ್‌ನಲ್ಲಿ. ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿ ಉಗಿಯನ್ನು ತೆಗೆದುಕೊಂಡರೆ ಅದು ಅಷ್ಟು ಒಣಗಿರುತ್ತದೆ. ವಾಲ್ವಿನಿಂದ ಹೊರಟ ಉದ್ದನೆಯ ಸರಳು ಬಾಯ್ಲರಿನೊಳಗೇ ಹಾದು, ಹಿಂಬದಿಯ ತಗಡಿನಲ್ಲಿರುವ ಗ್ಲ್ಯಾಂಡ್ (ಸರಳಿನ ಸುತ್ತ ಸೋರದಂತೆ ತಡೆಯುವ ಬಿರಡೆ) ಮೂಲಕ ಹೊರಬರುತ್ತದೆ. ಈ ಗ್ಲ್ಯಾಂಡಿನ ಪ್ಯಾಕಿಂಗ್ ಬಿಗಿಯಾದರೆ ಹಿಡಿ ಗಡುಸಾಗುತ್ತದೆ, ಸಡಿಲವಾದರೆ ಬಿಸಿನೀರು ತೊಟ್ಟಿಕ್ಕುತ್ತದೆ. ಬ್ರಿಟಿಷ್ ಮಾದರಿಯ ಎಂಜಿನ್‌ಗಳಲ್ಲಿ ಬಹುಪಾಲು ಹಿಡಿಯನ್ನು ಅಡ್ಡಕ್ಕೆ ತಿರುಗಿಸಬೇಕು; ಅಮೆರಿಕನ್ ಮಾದರಿಯಲ್ಲಿ ತನ್ನ ಕಡೆಗೆ ಎಳೆದುಕೊಳ್ಳಬೇಕು.

ಚಪ್ಪಟೆ ಸ್ಲೈಡ್ ವಾಲ್ವ್ ಇರುವ ರೆಗ್ಯುಲೇಟರಿನಲ್ಲಿ ಬಾಯ್ಲರಿನ ಪೂರ್ತಿ ಒತ್ತಡ ವಾಲ್ವಿನ ಬೆನ್ನ ಮೇಲೆ ಕೂತಿರುತ್ತದೆ. ಚದರ ಸೆಂಟಿಮೀಟರಿಗೆ 14 ಕಿಲೋ ಒತ್ತಡ, ವಾಲ್ವಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಎಂದು ಹಿಡಿದರೆ 1,400 ಕಿಲೋ ಭಾರ. ಅದನ್ನು ನೇರವಾಗಿ ಸರಿಸಲು ಹೊರಟರೆ ತೋಳು ಸೋಲುತ್ತದೆ. ಅದಕ್ಕಾಗಿ ದೊಡ್ಡ ವಾಲ್ವಿನ ಮೇಲೆ ಒಂದು ಚಿಕ್ಕ ಪೈಲಟ್ ವಾಲ್ವ್ ಇರುತ್ತದೆ. ಹಿಡಿಯ ಮೊದಲ ಚಲನೆಗೆ ಅದೊಂದೇ ತೆರೆಯುತ್ತದೆ. ಅದರೊಳಗಿಂದ ನುಗ್ಗಿದ ಉಗಿ ಆಚೆ ಬದಿಯಲ್ಲೂ ಒತ್ತಡ ಕಟ್ಟುತ್ತಿದ್ದಂತೆ ದೊಡ್ಡ ವಾಲ್ವಿನ ಮೇಲಿನ ಹೊರೆ ಇಳಿಯುತ್ತದೆ. ಇದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ: ಮೊದಲು ಸಲೀಸಾದ ಒಂದು ತುಣುಕು ಚಲನೆ, ಆಮೇಲೆ ತಡೆ. ಆ ತಡೆಯ ಹತ್ತಿರ ನಿಲ್ಲಿಸಿ, ಕಿವಿಗೊಟ್ಟು ಕೇಳಬೇಕು. ಪೈಪುಗಳಲ್ಲಿ ಉಗಿ ತುಂಬುವ ಸದ್ದು ಮುಂದಕ್ಕೆ ಹೋಗುತ್ತದೆ, ಸಿಲಿಂಡರಿನ ಅಡಿಯ ಡ್ರೈನ್ ಕಾಕ್‌ಗಳಿಂದ (ನೀರು ಹೊರಬಿಡುವ ನಲ್ಲಿಗಳಿಂದ) ಮೊದಲು ನೀರು, ಆಮೇಲೆ ಬಿಳಿ ಉಗಿ ಹೊರಬೀಳುತ್ತದೆ. ಎಂಜಿನ್ ಇನ್ನೂ ಅಲುಗಲಿಲ್ಲವೆಂದು ಅವಸರಪಟ್ಟು ಹಿಡಿಯನ್ನು ಇನ್ನಷ್ಟು ತಳ್ಳಿದರೆ, ತಡವಾಗಿ ಬಂದ ಉಗಿಯೆಲ್ಲ ಒಟ್ಟಿಗೇ ಪಿಸ್ಟನ್ನಿಗೆ ಬಡಿದು ಚಕ್ರಗಳು ಜಾರುತ್ತವೆ.

ಬಾಯ್ಲರಿನ ಉಗಿಯನ್ನು ಮತ್ತೆ ಕಾಯಿಸುವ ಸೂಪರ್‌ಹೀಟರ್ ಬಂದಮೇಲೆ ಈ ತಡ ಇನ್ನೂ ಹೆಚ್ಚಿತು. ಜರ್ಮನ್ ಎಂಜಿನಿಯರ್ ವಿಲ್ಹೆಲ್ಮ್ ಶ್ಮಿಟ್ ಅವರ ಸೂಪರ್‌ಹೀಟರ್ 1898ರಲ್ಲಿ ಪ್ರಶ್ಯಾದ ಎಂಜಿನ್‌ಗಳಿಗೆ ಬಂತು. ಬಾಯ್ಲರಿನಲ್ಲಿ ಸುಮಾರು 195 ಡಿಗ್ರಿ ಸೆಲ್ಸಿಯಸ್ ಇರುವ ಉಗಿ ಅದರ ಕೊಳವೆಗಳಲ್ಲಿ ಹಾದು 300 ಡಿಗ್ರಿಗೂ ಮೇಲೇರುತ್ತದೆ. ಕಲ್ಲಿದ್ದಲು, ನೀರು ಎರಡೂ ಉಳಿಯುತ್ತವೆ, ಒಪ್ಪುವ ಮಾತೇ. ಆದರೆ ವಾಲ್ವ್ ಡೋಮ್‌ನಲ್ಲಿದ್ದರೆ, ಅದನ್ನು ಮುಚ್ಚಿದ ಮೇಲೂ ಕೊಳವೆಗಳಲ್ಲಿ ಸಿಕ್ಕಿಬಿದ್ದ ಉಗಿ ಸಿಲಿಂಡರಿಗೆ ಹೋಗುತ್ತಲೇ ಇರುತ್ತದೆ. ಚಕ್ರ ಜಾರಲು ಶುರುವಾದಾಗ ಈ ಕ್ಷಣಗಳು ಬಹಳ ದೀರ್ಘವೆನಿಸುತ್ತವೆ. 20ನೇ ಶತಮಾನದ ದೊಡ್ಡ ಅಮೆರಿಕನ್ ಎಂಜಿನ್‌ಗಳಲ್ಲಿ ವಾಲ್ವನ್ನು ಸೂಪರ್‌ಹೀಟರ್ ದಾಟಿದ ಮೇಲೆ, ಚಿಮಣಿಯ ಕೆಳಗಿನ ಸ್ಮೋಕ್‌ಬಾಕ್ಸಿನಲ್ಲಿ, ಒಂದರ ಬದಲು ಸಾಲಾಗಿ ಹಲವು ಚಿಕ್ಕ ವಾಲ್ವ್‌ಗಳಾಗಿ ಇಟ್ಟದ್ದು ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ರೆಗ್ಯುಲೇಟರ್ ವಿನ್ಯಾಸದಲ್ಲಿ ಆದ ಅತಿ ದೊಡ್ಡ ಸುಧಾರಣೆ ಅದು.

ಓಡುವಾಗ ವೇಗವನ್ನು ಹಿಡಿತದಲ್ಲಿಡುವುದು ರೆಗ್ಯುಲೇಟರ್ ಒಂದೇ ಅಲ್ಲ, ರಿವರ್ಸರ್ ಕೂಡ: ಎಂಜಿನ್ ಹಿಂದೆ ಮುಂದೆ ಹೋಗುವುದನ್ನೂ, ಪಿಸ್ಟನ್ನಿನ ಓಟದಲ್ಲಿ ಎಲ್ಲಿಯವರೆಗೆ ಉಗಿ ಬಿಡಬೇಕೆಂಬುದನ್ನೂ ನಿರ್ಧರಿಸುವ ಹಿಡಿ ಅದು. ಹೊರಡುವಾಗ ಪಿಸ್ಟನ್ನಿನ ಓಟದ ಮುಕ್ಕಾಲು ಪಾಲಿನವರೆಗೂ ಉಗಿ ಬಿಡುತ್ತೇವೆ. ವೇಗ ಬಂದ ಮೇಲೆ ಅದನ್ನು ಕಾಲು ಪಾಲಿಗೆ ಇಳಿಸಿದರೆ, ಉಳಿದ ದೂರವನ್ನು ಉಗಿ ತಾನೇ ಹಿಗ್ಗಿ ತಳ್ಳುತ್ತದೆ. ರೆಗ್ಯುಲೇಟರನ್ನು ಅರ್ಧ ಮುಚ್ಚಿ ವೇಗ ತಗ್ಗಿಸುವುದೆಂದರೆ, ಬೆಂಕಿ ಹಾಕಿ ಕಟ್ಟಿದ ಒತ್ತಡವನ್ನು ಕೆಲಸ ಮಾಡಿಸದೆಯೇ ವಾಲ್ವಿನ ಬಾಯಲ್ಲಿ ಕಳೆಯುವುದು. ಈ ವಿಷಯದಲ್ಲಿ ಡ್ರೈವರ್‌ಗಳ ನಡುವೆ ವಾದ ಮುಗಿದದ್ದೇ ಇಲ್ಲ. ಸವೆದ ಬೇರಿಂಗುಗಳ ಹಳೆಯ ಎಂಜಿನ್, ಉಗಿಯನ್ನು ಬೇಗ ಕಡಿದರೆ ಕಟಕಟನೆ ಬಡಿದುಕೊಳ್ಳುತ್ತದೆ. ಅಂಥದ್ದನ್ನು ಅರ್ಧ ರೆಗ್ಯುಲೇಟರಿನಲ್ಲಿ ಓಡಿಸುವವರನ್ನು ನಾನು ದೂರುವುದಿಲ್ಲ. ಎಂಜಿನ್ ಗಟ್ಟಿಯಾಗಿದ್ದರೆ ಮಾತ್ರ ನಾನು ಪೂರ್ತಿ ತೆರೆದು ರಿವರ್ಸರಿನಲ್ಲೇ ಓಡಿಸುತ್ತಿದ್ದೆ.

ಇನ್ನು ಮುಚ್ಚುವುದು. ಚಿಮಣಿಯೊಳಗೆ ಬೆಂಕಿಯ ಹೊಗೆಯನ್ನು ಎಳೆಯುವುದು ಸಿಲಿಂಡರಿನಿಂದ ಹೊರಬಂದ ಉಗಿಯ ಬೀಸು. ರೆಗ್ಯುಲೇಟರ್ ಮುಚ್ಚಿದೊಡನೆ ಆ ಬೀಸು ನಿಲ್ಲುತ್ತದೆ. ಫೈರ್‌ಬಾಕ್ಸಿನಲ್ಲಿ ಧಗಧಗಿಸುತ್ತಿರುವ ಬೆಂಕಿ, ಹೋಗಲು ದಾರಿ ಇಲ್ಲದೆ ಬಾಗಿಲಿನ ಮೂಲಕ ಕ್ಯಾಬಿಗೇ ನುಗ್ಗಬಹುದು. ಸುರಂಗದಲ್ಲಿ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಮೊದಲು ಬ್ಲೋವರ್ (ಬಾಯ್ಲರಿನ ಉಗಿಯನ್ನೇ ಚಿಮಣಿಗೆ ಊದಿ ಎಳೆತ ಉಳಿಸುವ ಕೊಳವೆ), ಆಮೇಲೆ ರೆಗ್ಯುಲೇಟರ್. ನನಗೆ ಕೆಲಸ ಕಲಿಸಿದ ಡ್ರೈವರ್ ಹಿಡಿಯ ಮೇಲೆ ಕೈಯಿಡುವ ಮೊದಲೇ, "ಬ್ಲೋವರ್ ಹಾಕಪ್ಪಾ, ಮುಚ್ಚುತ್ತಿದ್ದೇನೆ" ಎನ್ನುತ್ತಿದ್ದರು. ನಾನು ಹಾಕಿದೆನೆಂದು ಬಾಯಿಬಿಟ್ಟು ಹೇಳುವವರೆಗೂ ಅವರ ಕೈ ಕದಲುತ್ತಿರಲಿಲ್ಲ.

ಅದೇ ಕ್ಷಣದಲ್ಲಿ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಇಳಿಯುತ್ತದೆ. ಉಗಿ ಹೊರಹೋಗುತ್ತಿರುವಾಗ ನೀರಿನ ತುಂಬ ಗುಳ್ಳೆಗಳಿದ್ದು ಮಟ್ಟ ಉಬ್ಬಿರುತ್ತದೆ. ಮುಚ್ಚಿದಾಗ ಗುಳ್ಳೆಗಳು ಕುಗ್ಗಿ ನಿಜವಾದ ಮಟ್ಟ ಕಾಣುತ್ತದೆ. ಏರು ಮುಗಿದು ಇಳಿಜಾರು ಶುರುವಾಗುವಲ್ಲಿ ಎಂಜಿನ್ನೇ ಮುಂದಕ್ಕೆ ಬಾಗುವುದರಿಂದ ಫೈರ್‌ಬಾಕ್ಸಿನ ನೆತ್ತಿಯ ಮೇಲಿನ ನೀರು ಮತ್ತೂ ತೆಳುವಾಗುತ್ತದೆ. ಆ ತಗಡಿನ ಮೇಲೆ ನೀರಿಲ್ಲದಿದ್ದರೆ ಬಾಯ್ಲರ್ ಉಳಿಯುವುದಿಲ್ಲ. ಆದ್ದರಿಂದ ಎಲ್ಲಿ ಮುಚ್ಚುತ್ತೇನೆಂದು ಫೈರ್‌ಮ್ಯಾನಿಗೆ ಬಹಳ ಮುಂಚೆಯೇ ಗೊತ್ತಿರಬೇಕು. ಆಗ ಅವನು ಕಲ್ಲಿದ್ದಲು ತಡೆದು, ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್ ಹಾಕಿ, ನೀರನ್ನೂ ಕಾಯುತ್ತಾನೆ, ಸೇಫ್ಟಿ ವಾಲ್ವ್ ಸಿಡಿದು ಉಗಿ ಪೋಲಾಗುವುದನ್ನೂ ತಪ್ಪಿಸುತ್ತಾನೆ.

ಮುಚ್ಚಿ ಓಡುವ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಪಂಪಿನಂತೆ ಎಳೆಯತೊಡಗುತ್ತವೆ. ಸ್ಮೋಕ್‌ಬಾಕ್ಸಿನ ಬಿಸಿ ಅನಿಲ, ಬೂದಿ ಎಲ್ಲ, ಬಳಸಿದ ಉಗಿಯನ್ನು ಚಿಮಣಿಗೆ ಬಿಡುವ ಬ್ಲಾಸ್ಟ್‌ಪೈಪಿನಿಂದ ಹಿಮ್ಮುಖವಾಗಿ ಸಿಲಿಂಡರಿಗೆ ಬಂದು, ಎಣ್ಣೆ ಸುಟ್ಟು ಕರಕಾಗಿ ಪಿಸ್ಟನ್ನಿನ ರಿಂಗುಗಳನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ಒಳಬಿಡುವ ಸ್ನಿಫ್ಟಿಂಗ್ ವಾಲ್ವ್ ಇದ್ದ ಎಂಜಿನ್‌ಗಳೂ ಉಂಟು. ನಾನಂತೂ ಪೂರ್ತಿ ಮುಚ್ಚದೆ, ಪೈಲಟ್ ವಾಲ್ವಿನಲ್ಲಿ ಒಂದು ಎಳೆ ಉಗಿ ಬಿಟ್ಟು, ರಿವರ್ಸರನ್ನು ಮುಂದಕ್ಕೆ ಇಳಿಸಿ ಜಾರಲು ಬಿಡುತ್ತಿದ್ದೆ. ಆ ಎಳೆ ಉಗಿ ಎಣ್ಣೆಯನ್ನೂ ತನ್ನೊಡನೆ ಒಯ್ಯುತ್ತದೆ.

ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಸವೆದ ರೆಗ್ಯುಲೇಟರ್ ಸೋರುತ್ತದೆ; ಸೋರಿದ ಉಗಿ ಸಿಲಿಂಡರಿನಲ್ಲಿ ಕೂಡಿಕೊಂಡು, ಯಾರೂ ಇಲ್ಲದ ಎಂಜಿನ್ ತಾನಾಗಿಯೇ ಹೊರಟುಬಿಡಬಹುದು. ಅದಕ್ಕೇ ರಿವರ್ಸರ್ ನಟ್ಟನಡುವೆ, ಡ್ರೈನ್ ಕಾಕ್‌ಗಳು ತೆರೆದು, ಕೈಬ್ರೇಕ್ ಬಿಗಿದು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟೇ ಕೆಳಗಿಳಿಯಬೇಕು. ಇಳಿದ ಮೇಲೆ ಡ್ರೈನ್ ಕಾಕ್‌ಗಳ ಬಳಿ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದೆ. ಉಗಿ ನಿಲ್ಲದೆ ಬರುತ್ತಿದ್ದರೆ ಸೋರಿಕೆ ಖಚಿತ. ನೇರವಾಗಿ ಹೋಗಿ ರಿಪೇರಿ ಪುಸ್ತಕದಲ್ಲಿ ಬರೆಯುತ್ತಿದ್ದೆ.