ಆರಾಮವೋ ಓಟವೋ: ಸ್ಪೋರ್ಟ್ಸ್ ಕಾರಿನ ಪ್ಯಾಕೇಜು ಆರಿಸಿದ ನನ್ನ ಅನುಭವ

ಸ್ಪೋರ್ಟ್ಸ್ ಕಾರನ್ನು ಆರ್ಡರ್ ಮಾಡುವವರು ಎಂಜಿನ್ನಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗುವುದಿಲ್ಲ. ಮಾದರಿ ಗೊತ್ತಾದಾಗಲೇ ಅದೂ ಗೊತ್ತಾಗಿರುತ್ತದೆ. ಗೊಂದಲ ಶುರುವಾಗುವುದು ಆಯ್ಕೆಯ ಪ್ಯಾಕೇಜುಗಳ ಪಟ್ಟಿ ಕೈಗೆ ಬಂದಾಗ. ನಾನು ಮನಸ್ಸು ಮಾಡಿದ್ದು ಅಮೆರಿಕದ ಷೆವರ್ಲೆ ಕಂಪನಿಯ ಕಾರ್ವೆಟ್ ಸ್ಟಿಂಗ್‌ರೇಗೆ, ಅಂದರೆ 2019ರ ಜುಲೈನಲ್ಲಿ ಅನಾವರಣಗೊಂಡ, ಎಂಜಿನ್ನು ಸೀಟುಗಳ ಹಿಂದಕ್ಕೆ ಸರಿದಿರುವ ಎಂಟನೆಯ ತಲೆಮಾರಿನ ಕಾರಿಗೆ. ಅದರ ಪಟ್ಟಿ ಎರಡಾಗಿ ಕವಲೊಡೆಯುತ್ತದೆ. 1ಎಲ್‌ಟಿ, 2ಎಲ್‌ಟಿ, 3ಎಲ್‌ಟಿ ಎಂಬ ಮೂರು ಮೆಟ್ಟಿಲುಗಳು ಒಳಗಿನ ಸೌಕರ್ಯಕ್ಕೆ ಸಂಬಂಧಿಸಿದವು. ಜೆಡ್51 ಎಂಬ ಬೇರೆಯದೇ ಪ್ಯಾಕೇಜು ಕಾರಿನ ಓಟಕ್ಕೆ ಸಂಬಂಧಿಸಿದ್ದು. ಎರಡನ್ನೂ ಪೂರ್ತಿಯಾಗಿ ಕೊಳ್ಳುವುದಕ್ಕೆ ಹಣವೊಂದನ್ನು ಬಿಟ್ಟರೆ ಬೇರೆ ಅಡ್ಡಿಯಿಲ್ಲ. ನನ್ನ ಮಿತಿಯೊಳಗೆ ಸೌಕರ್ಯದ ಕೊನೆಯ ಮೆಟ್ಟಿಲನ್ನು ಹತ್ತಬಹುದಿತ್ತು, ಇಲ್ಲವೇ ನಡುವಿನ ಮೆಟ್ಟಿಲಲ್ಲಿ ನಿಂತು ಜೆಡ್51 ಅನ್ನು ಸೇರಿಸಿಕೊಳ್ಳಬಹುದಿತ್ತು.

ಕಾರಿನಿಂದ ನನಗೆ ಬೇಕಾಗಿದ್ದುದೇನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಲೆಕ್ಕಾಚಾರವೆಲ್ಲ ಅದರ ಮೇಲೆಯೇ ನಿಂತಿದೆ. ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗಿ ಬರಬೇಕು, ಆಗಾಗ ಹೆದ್ದಾರಿಯಲ್ಲಿ ದೂರದ ಪ್ರಯಾಣ ಮಾಡಬೇಕು, ಪಕ್ಕದ ಸೀಟಿನಲ್ಲಿ ಕುಳಿತ ನನ್ನ ಹೆಂಡತಿಗೆ ಬೆನ್ನು ನೋಯಬಾರದು, ಮತ್ತು ವರ್ಷದಲ್ಲಿ ಕೆಲವು ಸಲವಾದರೂ ರೇಸ್ ಟ್ರ್ಯಾಕಿಗೆ ಹೋಗಿ ಕಾರನ್ನು ಅದರ ಮಿತಿಯವರೆಗೆ ಓಡಿಸಬೇಕು. ಕೊನೆಯ ಬಯಕೆ ಇರದಿದ್ದರೆ ಈ ಬರಹದ ಅರ್ಧ ಭಾಗ ಅನಗತ್ಯವಾಗುತ್ತಿತ್ತು.

ನಾನು ಮಾಡಿದ ಮೊದಲ ಕೆಲಸವೆಂದರೆ ಪ್ಯಾಕೇಜಿನ ಹೆಸರನ್ನು ಮರೆತು ಅದರೊಳಗಿನ ಒಂದೊಂದು ಭಾಗವನ್ನೂ ಬಿಡಿಯಾಗಿ ಬರೆದುಕೊಂಡದ್ದು. ಜೆಡ್51ರಲ್ಲಿ ದೊಡ್ಡ ಬ್ರೇಕ್ ಡಿಸ್ಕುಗಳು, ಹೆಚ್ಚುವರಿ ಕೂಲಿಂಗ್ ವ್ಯವಸ್ಥೆ, ಎಲೆಕ್ಟ್ರಾನಿಕ್ ನಿಯಂತ್ರಣದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚುತ್ತ, ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಸಾಧನ), ಬದಲಾದ ಗೇರ್ ಅನುಪಾತ, ಗಡುಸಾದ ಸಸ್ಪೆನ್ಷನ್, ಬೇಸಿಗೆಯ ಟೈರುಗಳು, ಬೇರೆ ಎಕ್ಸಾಸ್ಟ್ (ಹೊಗೆ ಕೊಳವೆ), ಮುಂದೆ ಗಾಳಿಯನ್ನು ಸೀಳುವ ಸ್ಪ್ಲಿಟರ್ ಎಂಬ ಅಂಚು, ಹಿಂದೆ ಸ್ಪಾಯ್ಲರ್ ಎಂಬ ರೆಕ್ಕೆಯಂಥ ಪಟ್ಟಿ ಇವೆ. 6.2 ಲೀಟರಿನ ವಿ8 ಎಂಜಿನ್ನು ಜೆಡ್51 ಇರುವ, ಇಲ್ಲದ ಎರಡೂ ಕಾರುಗಳಲ್ಲಿ ಒಂದೇ. ಎಕ್ಸಾಸ್ಟಿನಿಂದಾಗಿ 490 ಅಶ್ವಶಕ್ತಿ 495 ಆಗುತ್ತದೆ, ಅಷ್ಟೆ. ಆ ಐದು ಅಶ್ವಶಕ್ತಿಗಾಗಿ ಯಾರೂ ಪ್ಯಾಕೇಜು ಕೊಳ್ಳಬೇಕಾಗಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಜೆಡ್51 ತೆಗೆದುಕೊಂಡ ಕಾರಿನ ಗರಿಷ್ಠ ವೇಗ ಗಂಟೆಗೆ ಸುಮಾರು 296 ಕಿಲೋಮೀಟರ್, ತೆಗೆದುಕೊಳ್ಳದ ಕಾರಿನದು ಸುಮಾರು 312. ಸ್ಪಾಯ್ಲರು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಆದರೆ ಹಾಗೆ ಒತ್ತುವುದಕ್ಕೆ ಗಾಳಿಯನ್ನು ಎದುರಿಸಲೇಬೇಕಾಗುತ್ತದೆ. ಓಟದ ಪ್ಯಾಕೇಜೇ ಗರಿಷ್ಠ ವೇಗವನ್ನು ತಗ್ಗಿಸುತ್ತದೆಂದು ತಿಳಿದ ಮೇಲೆ, ಹೆಸರು ನೋಡಿ ನಿರ್ಧರಿಸುವ ಹಂಬಲ ನನ್ನಲ್ಲಿ ಉಳಿಯಲಿಲ್ಲ.

ಬರೆದುಕೊಂಡ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದನ್ನು ಕಾರು ಮನೆಗೆ ಬಂದ ಮೇಲೆ ಬದಲಾಯಿಸಬಹುದೇ? ಟೈರು ಹೇಗೂ ಸವೆಯುವ ವಸ್ತು, ಬ್ರೇಕ್ ಪ್ಯಾಡೂ ಹಾಗೆಯೇ. ಸಾಮಾನ್ಯ ಸ್ಟಿಂಗ್‌ರೇಗೆ ಎಲ್ಲ ಋತುಗಳ ಟೈರು, ಜೆಡ್51ಕ್ಕೆ ಮಿಷಲಿನ್ ಪೈಲಟ್ ಸ್ಪೋರ್ಟ್ 4ಎಸ್ ಎಂಬ ಬೇಸಿಗೆಯ ಟೈರು ಬರುತ್ತದೆ; ಆದರೆ ಎರಡರ ಅಳತೆಯೂ ಒಂದೇ, ಮುಂದೆ 19 ಇಂಚಿನ ಚಕ್ರ, ಹಿಂದೆ 20 ಇಂಚಿನದು. ಯಾವುದನ್ನು ಯಾವಾಗ ಬೇಕಾದರೂ ಹಾಕಿಸಿಕೊಳ್ಳಬಹುದಾದ್ದರಿಂದ, ಕಾರಿನ ಹಿಡಿತದಲ್ಲಿ ಅತ್ಯಂತ ದೊಡ್ಡ ಪಾತ್ರ ಟೈರಿನದೇ ಆಗಿದ್ದರೂ ನನ್ನ ನಿರ್ಧಾರದಲ್ಲಿ ಅದಕ್ಕೆ ಯಾವ ತೂಕವನ್ನೂ ಕೊಡಲಿಲ್ಲ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಚಳಿಯ ಸೀಮೆಯವರು ಮರೆಯಬಾರದು.

ಆಮೇಲೆ ಸೇರಿಸಲಾಗದ್ದು, ಸೇರಿಸಿದರೂ ಕಾರ್ಖಾನೆಯಷ್ಟು ಅಚ್ಚುಕಟ್ಟಾಗಿ ಕೂರದ್ದು ಯಾವುದೆಂದರೆ ಕೂಲಿಂಗ್ ಮತ್ತು ಡಿಫರೆನ್ಷಿಯಲ್. ಕೂಲಿಂಗ್ ಬಗ್ಗೆ ನಾನು ಬಹಳ ಹೊತ್ತು ಯೋಚಿಸಿದೆ. ಚಾಲಕನೂ ಸೇರಿ ಸುಮಾರು 1,700 ಕಿಲೋ ತೂಗುವ ಕಾರು ಟ್ರ್ಯಾಕಿನ ನೇರ ಹಾದಿಯಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬಂದು ತಿರುವಿಗೆ ಮುನ್ನ 80ಕ್ಕೆ ಇಳಿಯಬೇಕಾದರೆ, ಹತ್ತಿರ ಹತ್ತಿರ 2.2 ಮೆಗಾಜೌಲ್ ಶಕ್ತಿಯನ್ನು ಕಳೆದುಕೊಳ್ಳಬೇಕು, ಮತ್ತು ಅದರಲ್ಲಿ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಅದೇ ಕಾರು ಊರೊಳಗೆ 60ರ ವೇಗದಿಂದ ಪೂರ್ತಿ ನಿಲ್ಲುವಾಗ ಬಿಡುಗಡೆಯಾಗುವ ಶಕ್ತಿ ಇದರ ಒಂಬತ್ತನೆಯ ಒಂದು ಭಾಗದಷ್ಟೂ ಆಗುವುದಿಲ್ಲ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದರ ಅರ್ಥ ಬ್ರೇಕಿನ ವಾಸನೆ ಮೂಗಿಗೆ ಬಡಿದಾಗ ಚೆನ್ನಾಗಿ ಆಗುತ್ತದೆ. ಟ್ರ್ಯಾಕಿನಲ್ಲಿ ಇಂಥ ತಿರುವುಗಳು ಪ್ರತಿ ಸುತ್ತಿನಲ್ಲಿ ಹಲವು ಬರುತ್ತವೆ, ನಡುವೆ ಡಿಸ್ಕು ಆರುವುದಕ್ಕೆ ಸಿಗುವ ಸಮಯ ಕೆಲವೇ ಸೆಕೆಂಡು. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿಕೊಂಡು ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲು ಮೆತ್ತಗಾಗಿ ನೆಲದತ್ತ ಇಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ದ್ರವವನ್ನೂ ಪ್ಯಾಡನ್ನೂ ನಾನೇ ಬದಲಿಸಿಕೊಳ್ಳಬಲ್ಲೆ. ಆದರೆ ಜೆಡ್51ರ ಮುಂದಿನ ಡಿಸ್ಕಿನ ವ್ಯಾಸ 338 ಮಿಲಿಮೀಟರ್, ಸಾಮಾನ್ಯ ಕಾರಿನದು 321. ಆ ಹೆಚ್ಚುವರಿ ಕಬ್ಬಿಣವನ್ನೂ, ಎಂಜಿನ್ನಿಗೆ ಬೇಕಾದ ಹೆಚ್ಚಿನ ಕೂಲಿಂಗನ್ನೂ ಆಮೇಲೆ ಅಳವಡಿಸಲು ಹೊರಟರೆ ಖರ್ಚೂ ಹೆಚ್ಚು, ವಾರಂಟಿಯ ತಕರಾರೂ ಹೆಚ್ಚು.

ಡಿಫರೆನ್ಷಿಯಲ್ ವಿಷಯ ಇಷ್ಟು ದೊಡ್ಡದಲ್ಲ, ಏಕೆಂದರೆ ಸಾಮಾನ್ಯ ಸ್ಟಿಂಗ್‌ರೇಯಲ್ಲಿಯೂ ಯಾಂತ್ರಿಕವಾದ ಲಿಮಿಟೆಡ್ ಸ್ಲಿಪ್ ಇದೆ. ಎಲೆಕ್ಟ್ರಾನಿಕ್ ವ್ಯವಸ್ಥೆ ಅದಕ್ಕಿಂತ ಚುರುಕು. ತಿರುವಿನೊಳಗೆ ಹೋಗುವಾಗ ಸಡಿಲವಾಗಿ, ಹೊರಗೆ ಬರುವಾಗ ಬಿಗಿಯಾಗಿ ವರ್ತಿಸುತ್ತದೆ. ಒಳ್ಳೆಯದೇ, ಆದರೆ ಅದೊಂದಕ್ಕಾಗಿ ನಾನು ಪ್ಯಾಕೇಜು ಕೊಳ್ಳುತ್ತಿರಲಿಲ್ಲ.

ನನ್ನನ್ನು ನಿಜವಾಗಿ ಹಿಂಜರಿಯುವಂತೆ ಮಾಡಿದ್ದು ಸಸ್ಪೆನ್ಷನ್. ಟೆಸ್ಟ್ ಡ್ರೈವ್‌ಗೆ ಕೊಡುವವರು ಸಾಮಾನ್ಯವಾಗಿ ನುಣುಪಾದ, ಅಗಲವಾದ ರಸ್ತೆಯನ್ನೇ ತೋರಿಸುತ್ತಾರೆ. ಅಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ಸಸ್ಪೆನ್ಷನ್ನಿನ ಗುಣ ತಿಳಿಯಬೇಕಾದರೆ ತೇಪೆ ಹಾಕಿದ, ಅಲ್ಲಲ್ಲಿ ಕಿತ್ತುಹೋದ ರಸ್ತೆಯಲ್ಲಿ ಗಂಟೆಗೆ ಮೂವತ್ತು ನಲವತ್ತರ ವೇಗದಲ್ಲಿ ಓಡಿಸಿ ನೋಡಬೇಕು, ಏಕೆಂದರೆ ದಿನನಿತ್ಯದ ಕಿರಿಕಿರಿ ಹುಟ್ಟುವುದು ಆ ವೇಗದಲ್ಲಿಯೇ. ನಾನು ಕೇಳಿಕೊಂಡು ಅಂಥದೇ ರಸ್ತೆಗೆ ಹೋದೆ, ಮತ್ತು ಒಂದೇ ದಾರಿಯಲ್ಲಿ ಎರಡು ಬಗೆಯ ಜೆಡ್51 ಕಾರುಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಓಡಿಸಿದೆ. ಮೊದಲನೆಯದರಲ್ಲಿ ಇದ್ದುದು ಸಾದಾ ಡ್ಯಾಂಪರುಗಳ (ಕುಲುಕಾಟ ತಗ್ಗಿಸುವ ಷಾಕ್ ಅಬ್ಸಾರ್ಬರುಗಳ) ಗಡುಸಾದ ಸಸ್ಪೆನ್ಷನ್. ಕುಳಿಯ ಅಂಚು ತಾಕಿದಾಗಲೆಲ್ಲ ಬೆನ್ನಿಗೆ ಸಣ್ಣದೊಂದು ಗುದ್ದು ಬೀಳುತ್ತಿತ್ತು. ಸಹಿಸಲಾಗದಷ್ಟೇನೂ ಅಲ್ಲ, ಆದರೆ ಪಕ್ಕದಲ್ಲಿ ಕುಳಿತವರು ಮಾತು ನಿಲ್ಲಿಸುವಷ್ಟಂತೂ ಆಗಿತ್ತು.

ಎರಡನೆಯದರಲ್ಲಿ ಇದ್ದುದು ಮ್ಯಾಗ್ನೆಟಿಕ್ ರೈಡ್ ಕಂಟ್ರೋಲ್. ಇದರ ಡ್ಯಾಂಪರಿನೊಳಗಿನ ಎಣ್ಣೆಯಲ್ಲಿ ಕಬ್ಬಿಣದ ಅತಿ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿಸಿ ಕಾಂತಕ್ಷೇತ್ರ ಉಂಟುಮಾಡಿದರೆ ಕಣಗಳು ಸಾಲುಗಟ್ಟಿ ಎಣ್ಣೆ ಮಂದವಾದಂತೆ ವರ್ತಿಸುತ್ತದೆ, ವಿದ್ಯುತ್ ತಗ್ಗಿದರೆ ಮತ್ತೆ ತೆಳುವಾಗುತ್ತದೆ. ಈ ಬದಲಾವಣೆಗೆ ಬೇಕಾಗುವುದು ಕೆಲವೇ ಮಿಲಿಸೆಕೆಂಡು. ಈ ತಂತ್ರ ಮೊದಲು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಎಂಬ, ಓಟದ ಹೆಸರಿಗಿಂತ ಸುಖಾಸನದ ಹೆಸರಿಗೆ ಪ್ರಸಿದ್ಧವಾದ ಕಾರಿನಲ್ಲಿ. ಆಮೇಲೆ ಕಾರ್ವೆಟ್‌ಗೂ ಬಂತು. ಟೂರ್ ಮೋಡ್ ಎಂಬ ಆರಾಮದ ಹೊಂದಿಕೆಯಲ್ಲಿ ಅದೇ ಕಿತ್ತುಹೋದ ರಸ್ತೆಯನ್ನು ಈ ಕಾರು ನಯವಾಗಿ ದಾಟಿತು, ಟ್ರ್ಯಾಕ್ ಮೋಡಿಗೆ ತಿರುಗಿಸಿದಾಗ ಮೊದಲ ಕಾರಿನಷ್ಟೇ ಬಿಗಿಯಾಯಿತು. ಇದನ್ನು ಸೌಕರ್ಯವೆನ್ನಬೇಕೋ ಸಾಮರ್ಥ್ಯವೆನ್ನಬೇಕೋ ಎಂದು ವಿಂಗಡಿಸುವ ಗೋಜಿಗೆ ನಾನು ಹೋಗಲಿಲ್ಲ, ಪಟ್ಟಿಯಲ್ಲಿ ಗುರುತು ಹಾಕಿಕೊಂಡೆ. ಪ್ಯಾಕೇಜು ಕಟ್ಟುವ ಕಂಪನಿಗಳ ಜಾಣತನವನ್ನೂ ಇಲ್ಲಿ ಗಮನಿಸಬೇಕು: 2020ರ ಮಾದರಿಯಲ್ಲಿ ಮ್ಯಾಗ್ನೆಟಿಕ್ ಡ್ಯಾಂಪರ್ ಬೇಕೆಂದವರು ಜೆಡ್51 ಅನ್ನೂ ಕೊಳ್ಳಲೇಬೇಕಿತ್ತು, 2021ರ ಮಾದರಿಯಿಂದ ಅದನ್ನು ಬಿಡಿಯಾಗಿಯೂ ಕೊಡತೊಡಗಿದರು. ಹೀಗಾಗಿ ಮಾದರಿಯ ವರ್ಷ ನೋಡದೆ ಯಾರ ಸಲಹೆಯನ್ನೂ ನಂಬುವಂತಿಲ್ಲ, ನನ್ನದನ್ನೂ ಸೇರಿಸಿ.

ಇನ್ನು ಸೌಕರ್ಯದ ಮೆಟ್ಟಿಲುಗಳು. 2ಎಲ್‌ಟಿಯಲ್ಲಿ ಬಿಸಿಯಾಗುವ ಮತ್ತು ಗಾಳಿಯಾಡುವ ಸೀಟುಗಳು, ಮುಂಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ, 14 ಸ್ಪೀಕರುಗಳ ಧ್ವನಿ ವ್ಯವಸ್ಥೆ, ಕುರುಡುಮೂಲೆಯ ಎಚ್ಚರಿಕೆ, ಹಿಂಬದಿಯ ಕ್ಯಾಮೆರಾ ಕನ್ನಡಿ ಸೇರುತ್ತವೆ. ಎಂಜಿನ್ನು ಬೆನ್ನ ಹಿಂದೆ ಕೂತಿರುವ ಕಾರಿನಲ್ಲಿ ಹಿಂಬದಿ ಕಾಣುವುದೇ ಕಡಿಮೆಯಾದ್ದರಿಂದ ಆ ಕನ್ನಡಿಯನ್ನು ನಾನು ಸುರಕ್ಷತೆಯ ಲೆಕ್ಕಕ್ಕೇ ಹಾಕಿದೆ. ಇದಕ್ಕಿಂತ ವಿಚಿತ್ರವಾದದ್ದು, ಟ್ರ್ಯಾಕಿನ ಪ್ರತಿ ಸುತ್ತಿನ ವಿಡಿಯೋ, ವೇಗ, ಬ್ರೇಕು, ಸಮಯ ಎಲ್ಲವನ್ನೂ ದಾಖಲಿಸುವ ಪರ್ಫಾರ್ಮೆನ್ಸ್ ಡೇಟಾ ರೆಕಾರ್ಡರ್ ಜೆಡ್51ರ ಜತೆ ಬರುವುದಿಲ್ಲ, 2ಎಲ್‌ಟಿಯ ಜತೆ ಬರುತ್ತದೆ. ಓಟವನ್ನು ಸುಧಾರಿಸಿಕೊಳ್ಳಲು ಚಾಲಕನಿಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವ ಸಾಧನ ಮೆತ್ತನೆಯ ಸೀಟಿನ ಜತೆ ಕೂತಿದೆ! 3ಎಲ್‌ಟಿಯಲ್ಲಿ ಮುಖ್ಯವಾಗಿ ಹೆಚ್ಚುವುದು ಚರ್ಮದ ಹೊದಿಕೆ, ಮೃದುವಾದ ಬಟ್ಟೆ, ಹೊಲಿಗೆ. ಕಣ್ಣಿಗೂ ಕೈಗೂ ಹಿತವೇ, ಆದರೆ ದೂರದ ಪ್ರಯಾಣದಲ್ಲಿ ದಣಿವನ್ನು ಅದು ತಗ್ಗಿಸುವುದಿಲ್ಲ. ಅದನ್ನು ಬಿಟ್ಟೆ.

ಸೀಟಿನ ಆಯ್ಕೆಯನ್ನು ಮೆಟ್ಟಿಲಿನಿಂದ ಬೇರೆಯಾಗಿಯೇ ನೋಡಬೇಕು. ಜಿಟಿ1, ಜಿಟಿ2, ಕಾಂಪಿಟಿಷನ್ ಸ್ಪೋರ್ಟ್ ಎಂಬ ಮೂರು ಬಗೆಗಳಲ್ಲಿ, ಹೆಸರು ದೊಡ್ಡದಾದಂತೆ ಪಕ್ಕದ ಅಂಚುಗಳು ಎತ್ತರವಾಗುತ್ತ ಹೋಗುತ್ತವೆ. ತಿರುವಿನಲ್ಲಿ ಮೈ ಜಾರದಂತೆ ಹಿಡಿಯುವ ಅಂಚೇ ಹೆದ್ದಾರಿಯಲ್ಲಿ ತೊಡೆಯನ್ನು ಒತ್ತುತ್ತದೆ, ಇಳಿಯುವಾಗ ಸೊಂಟಕ್ಕೆ ತಾಕುತ್ತದೆ. ಷೋರೂಮಿನಲ್ಲಿ ಐದು ನಿಮಿಷ ಕುಳಿತರೆ ಎಲ್ಲ ಸೀಟೂ ಹಿತವೆನಿಸುವುದರಿಂದ ನಾವಿಬ್ಬರೂ ಒಂದೊಂದರಲ್ಲೂ ಬಹಳ ಹೊತ್ತು ಕುಳಿತೇ ಇದ್ದೆವು. ಮಾರಾಟದವರು ಒಂದೆರಡು ಸಲ ಬಂದು ಇಣುಕಿ ಹೋದರು. ಹೆಂಡತಿ ಜಿಟಿ1ರ ಪರ, ನಾನು ಜಿಟಿ2ರ ಪರ. ಭುಜ ಅಗಲವಿದ್ದವರಿಗೆ ಕಾಂಪಿಟಿಷನ್ ಸೀಟು ಹೊಂದುವುದು ಕಷ್ಟವೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಕೊನೆಗೆ ಜಿಟಿ1 ಗೆದ್ದಿತು. ಟ್ರ್ಯಾಕಿನಲ್ಲಿ ಸೀಟ್ ಬೆಲ್ಟನ್ನು ಬಿಗಿಯಾಗಿ ಎಳೆದು ಕುಳಿತರೆ ಹಿಡಿತದ ಕೊರತೆ ಅಷ್ಟಾಗಿ ಕಾಡುವುದಿಲ್ಲ, ಮೈ ಮಾತ್ರ ಸ್ವಲ್ಪ ಹೆಚ್ಚು ವಾಲುತ್ತದೆ.

ಎರಡೂ ಕಡೆಗೆ ಸೇರದ ಒಂದು ವಸ್ತುವಿಗೆ ನಾನು ಹಣ ಹಾಕಿದ್ದು ಮುಂಭಾಗವನ್ನು ಎತ್ತುವ ಲಿಫ್ಟಿಗೆ. ಗುಂಡಿ ಒತ್ತಿದರೆ ಕಾರಿನ ಮೂತಿ ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ. ಎತ್ತಬೇಕಾದ ಜಾಗಗಳನ್ನು ಜಿಪಿಎಸ್ ಮೂಲಕ ಸಾವಿರದವರೆಗೆ ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಎತ್ತಿಕೊಳ್ಳುತ್ತದೆ. ಇಡೀ ಕಾರಿನಲ್ಲಿ ನಾನು ಅತಿ ಹೆಚ್ಚು ಬಳಸುವ ಆಯ್ಕೆ ಇದೇ. ರಸ್ತೆಯುಬ್ಬುಗಳಿರುವ ಕಡೆ ವಾಸಿಸುವವರು ಮಿಕ್ಕೆಲ್ಲವನ್ನೂ ಆಮೇಲೆ ಯೋಚಿಸಬಹುದು.

ಈ ಇಬ್ಬಂದಿ ಹೊಸದೇನಲ್ಲ. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಕಾರನ್ನು ಕಂಪನಿ ಸ್ಪೋರ್ಟ್, ಟೂರಿಂಗ್ ಎಂಬ ಎರಡು ಪ್ಯಾಕೇಜುಗಳಲ್ಲಿ ಮಾರಿತು. ಎರಡಕ್ಕೂ 210 ಅಶ್ವಶಕ್ತಿಯ ಒಂದೇ ಎಂಜಿನ್ನು. ಒಳಗಿನ ಸಜ್ಜನ್ನೆಲ್ಲ ಕಿತ್ತು ಹಗುರಗೊಳಿಸಿದ ಸ್ಪೋರ್ಟ್ 960 ಕಿಲೋ ತೂಗಿದರೆ ಟೂರಿಂಗ್ 1,075 ಕಿಲೋ ತೂಗುತ್ತಿತ್ತು. ತಯಾರಾದ 1,580 ಕಾರುಗಳಲ್ಲಿ ಸ್ಪೋರ್ಟ್ 200 ಮಾತ್ರ, ಟೂರಿಂಗ್ 1,300ಕ್ಕೂ ಹೆಚ್ಚು. ರೇಸಿಗಾಗಿಯೇ ಹುಟ್ಟಿದ ಕಾರನ್ನು ಕೊಂಡವರಲ್ಲಿ ಕೂಡ ಬಹುಪಾಲು ಜನ ಕಾರ್ಪೆಟ್ಟನ್ನು ಬಿಟ್ಟುಕೊಡಲಿಲ್ಲ ಎಂಬುದು ನನಗೆ ಸಮಾಧಾನ ತಂದಿತು.

ಕೊನೆಗೆ ನಾನು ಸಹಿ ಹಾಕಿದ್ದು 2ಎಲ್‌ಟಿ, ಜೆಡ್51, ಮ್ಯಾಗ್ನೆಟಿಕ್ ಡ್ಯಾಂಪರ್, ಜಿಟಿ1 ಸೀಟು ಮತ್ತು ಲಿಫ್ಟಿಗೆ. ಕಾರ್ಬನ್ ಫೈಬರಿನ ಅಲಂಕಾರ ಯಾವುದನ್ನೂ ಸೇರಿಸಲಿಲ್ಲ. ಬಳಸಿದ ಮೇಲೆ ತಿಳಿದದ್ದೆಂದರೆ, ಜೆಡ್51ರ ಗೇರ್ ಅನುಪಾತದ ಲಾಭ ಹೊರಡುವಾಗ ಸ್ಪಷ್ಟವಾಗಿ ತಿಳಿಯುತ್ತದೆ, ಹೆದ್ದಾರಿಯಲ್ಲಿ ಅದರ ಬೆಲೆಯಾಗಿ ಎಂಜಿನ್ನು ತುಸು ಹೆಚ್ಚು ತಿರುಗುತ್ತದೆ. ಎಕ್ಸಾಸ್ಟಿನ ಸದ್ದನ್ನು ಟೂರ್ ಮೋಡಿನಲ್ಲಿ ತಗ್ಗಿಸಿಕೊಳ್ಳಬಹುದಾದ್ದರಿಂದ ದೂರದ ದಾರಿಯಲ್ಲಿ ತೊಂದರೆಯಿಲ್ಲ. ಟ್ರ್ಯಾಕಿಗೆ ಹೋಗುವ ಮುನ್ನ ಬ್ರೇಕ್ ದ್ರವವನ್ನು ಮಾತ್ರ ಹೆಚ್ಚು ಕುದಿಬಿಂದುವಿನದಕ್ಕೆ ಬದಲಿಸುತ್ತೇನೆ. ದೊಡ್ಡ ಡಿಸ್ಕು ಇದ್ದರೂ ಅದು ಬೇಕೇ ಬೇಕು.

ಟ್ರ್ಯಾಕಿಗೆ ಎಂದೂ ಹೋಗದ ಗೆಳೆಯರೊಬ್ಬರು ಇದೇ ಕಾರನ್ನು ಕೊಳ್ಳಲು ಹೊರಟು ನನ್ನನ್ನು ಕೇಳಿದಾಗ ನಾನು ಬೇರೆಯದನ್ನೇ ಹೇಳಿದೆ: ಜೆಡ್51 ಬಿಡಿ, 2ಎಲ್‌ಟಿಗೆ ಬಿಡಿಯಾಗಿ ಸಿಗುವ ಮ್ಯಾಗ್ನೆಟಿಕ್ ಡ್ಯಾಂಪರನ್ನೂ ಲಿಫ್ಟನ್ನೂ ಸೇರಿಸಿ, ಮಿಕ್ಕ ಹಣದಲ್ಲಿ ಒಂದು ಸೆಟ್ ಬೇಸಿಗೆಯ ಟೈರು ಕೊಂಡಿಟ್ಟುಕೊಳ್ಳಿ. ಹಿಂದೆ ಸ್ಪಾಯ್ಲರ್ ಇಲ್ಲದಿದ್ದರೆ ಕಾರು ನೋಡಲು ಬರಿದಾಗಿ ಕಾಣುತ್ತದಲ್ಲ ಎಂದರು ಅವರು. ಅದನ್ನು ಬಿಡಿಯಾಗಿ ಕೊಂಡು ಕೂರಿಸಿಕೊಳ್ಳಬಹುದು ಎಂದೆ.