ಲಗ್ನಪತ್ರಿಕೆ ರದ್ದಿ, ಅಡಿಕೆ ಚೊಗರು: ನನ್ನ ವಿಸಿಟಿಂಗ್ ಕಾರ್ಡ್ ನಾನೇ ಮಾಡ್ಕೊಳ್ಳೋದು ಹೀಗೆ

ಚಿತ್ರ ಬರೆದು ಮಾರೋರಿಗೆ ವಿಸಿಟಿಂಗ್ ಕಾರ್ಡ್ ಬೇಕೇ ಬೇಕು. ಬೆಂಗಳೂರಿನ ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ಆದ್ರೆ ಬಂದೋರೆಲ್ಲ ಅವತ್ತೇ ಪೇಂಟಿಂಗ್ ತಗೊಳಲ್ಲ, ಕಾರ್ಡ್ ಇದ್ರೆ ಕೊಡಿ ಆಮೇಲೆ ಫೋನ್ ಮಾಡ್ತೀವಿ ಅಂತಾರೆ. ಪ್ರೆಸ್‌ನಲ್ಲಿ ಮಾಡಿಸಿದ್ರೆ 300 ಜಿಎಸ್‌ಎಂ (ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ) ಆರ್ಟ್ ಕಾರ್ಡು, ಅದರ ಮೇಲೆ ಮ್ಯಾಟ್ ಲ್ಯಾಮಿನೇಷನ್. ನೋಡಕ್ಕೆ ಚೆನ್ನಾಗೇ ಇರುತ್ತೆ, ಆದ್ರೆ ಲ್ಯಾಮಿನೇಷನ್ ಅಂದ್ರೆ ತೆಳು ಪ್ಲಾಸ್ಟಿಕ್ಕು, ಅದು ಅಂಟಿತು ಅಂದ್ರೆ ಒಳಗಿರೋ ಕಾಗದ ಮಣ್ಣಿಗೂ ಸೇರಲ್ಲ ಮತ್ತೆ ಕಾಗದನೂ ಆಗಲ್ಲ. ನಾನು ಮಲೆನಾಡಿನ ಮಣ್ಣು, ತೊಗಟೆ, ಕಾಯಿ ಬಣ್ಣದಲ್ಲೇ ಕೆಲಸ ಮಾಡೋಳು. ನನ್ನ ಕೆಲಸ ಎಂಥದ್ದು ಅಂತ ಕಾರ್ಡ್ ಕೈಗೆ ತಗೊಂಡ ತಕ್ಷಣ ಬೆರಳಿಗೆ ಗೊತ್ತಾಗ್ಬೇಕು ಅಂತ ನನ್ನಾಸೆ.

ಕಾಗದಕ್ಕೆ ನಾನು ಬಳಸೋದು ಹಳೇ ಲಗ್ನಪತ್ರಿಕೆ. ಯಾರ ಮನೇಲಿ ಇಲ್ಲ ಹೇಳಿ? ಗಣಪತಿ ಚಿತ್ರ ಇದೆ ಅಂತ ಬಿಸಾಕಕ್ಕೂ ಮನಸ್ಸು ಬರದೆ ಅಟ್ಟದ ಮೇಲೆ ಕಟ್ಟು ಕಟ್ಟಿ ಇಟ್ಟಿರ್ತಾರೆ. ಚಿನ್ನದ ಫಾಯಿಲ್, ಗ್ಲಿಟರ್, ಲ್ಯಾಮಿನೇಷನ್ ಇರೋ ಭಾಗ ಎಲ್ಲ ಕತ್ತರಿಸಿ ಬೇರೆ ತೆಗೀಬೇಕು, ಅದು ನೀರಲ್ಲಿ ಕರಗಲ್ಲ. ಉಳಿದಿದ್ದನ್ನ ಚಿಕ್ಕದಾಗಿ ಹರಿದು ರಾತ್ರಿಯಿಡೀ ನೆನೆಸಿ ಮಿಕ್ಸಿಗೆ ಹಾಕಿದ್ರೆ ತೆಳು ಗುಲಾಬಿನೋ ಅರಿಶಿನ ಬಣ್ಣನೋ ಇರೋ ತಿರುಳು ಸಿಗುತ್ತೆ, ಬಣ್ಣ ಬೇರೆ ಹಾಕೋದೇ ಬೇಡ. ಅಗಲದ ಟಬ್ಬಲ್ಲಿ ನೀರಿಗೆ ಆ ತಿರುಳು ಕದಡಿ, ಜಾಲರಿ ಹೊಡೆದ ಮರದ ಚೌಕಟ್ಟನ್ನ ಅಡಿಯಿಂದ ಸಮವಾಗಿ ಮೇಲೆತ್ತಿ, ನೀರು ಸೋರಿದ ಮೇಲೆ ಹಳೇ ಹತ್ತಿ ಪಂಚೆ ಮೇಲೆ ಮಗುಚೋದು. ದಪ್ಪ ಬೇಕಂದ್ರೆ ಒಂದರ ಮೇಲೊಂದು ಎರಡು ಹಾಳೆ ಹಸಿ ಇರೋವಾಗಲೇ ಮಗುಚಿ ಒತ್ತಿ, ಒಣಗೋವಾಗ ಒಂದೇ ಆಗ್ಬಿಡುತ್ತೆ.

ಒಣಗಿದ ಹಾಳೆಗೆ ಗಂಜಿ ಹಾಕೋದು ಮಾತ್ರ ಬಿಡಬೇಡಿ. ಗಂಜಿ ಇಲ್ದೇ ಇದ್ರೆ ಶಾಯಿ ಹರಡಿ ಅಕ್ಷರಕ್ಕೆಲ್ಲ ಮೀಸೆ ಬಂದಂಗೆ ಕಾಣುತ್ತೆ. ತೆಳ್ಳನೆ ಅಕ್ಕಿ ಗಂಜೀನ ಬ್ರಷ್ಷಲ್ಲಿ ಎರಡೂ ಕಡೆ ಸವರಿ, ಒಣಗಿಸಿ, ದಪ್ಪ ಪುಸ್ತಕಗಳ ಕೆಳಗೆ ಇಡ್ತೀನಿ.

ಅಳತೆ ಬಗ್ಗೆ ಒಂದು ಮಾತು. ಎಟಿಎಂ ಕಾರ್ಡ್ ಅಳತೆ ಸುಮಾರು 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, ಪರ್ಸಲ್ಲಿರೋ ಕಿಂಡಿನೂ ಅದಕ್ಕೇ ಮಾಡಿರೋದು, ಅದಕ್ಕಿಂತ ದೊಡ್ಡದಾದ್ರೆ ಜನ ಮಡಚಿಬಿಡ್ತಾರೆ. ಕತ್ತರಿ ಹಾಕ್ಬೇಡಿ. ಸ್ಕೇಲ್ ಇಟ್ಟು ಒದ್ದೆ ಬ್ರಷ್ಷಲ್ಲಿ ಗೆರೆ ಎಳೆದು ನಿಧಾನಕ್ಕೆ ಹರಿದ್ರೆ ಅಂಚಲ್ಲಿ ನಾರು ಎದ್ದು ಎಷ್ಟು ಚೆಂದ ಕಾಣುತ್ತೆ ಅಂತೀರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಶಾಯಿ. ಅಡಿಕೆ ಸುಲಿದು ಬೇಯಿಸಿದ ನೀರು ಗಟ್ಟಿಯಾದ್ರೆ ಅದೇ ಚೊಗರು, ಸಾಗರದ ಕಡೆ ಅಡಿಕೆ ಕೊಯ್ಲಿನ ಟೈಮಲ್ಲಿ ಕೇಳಿದ್ರೆ ಯಾರಾದ್ರೂ ಒಂದು ಬಾಟ್ಲಿ ಕೊಡ್ತಾರೆ. ಹೆಗ್ಗೋಡಿನ ಚರಕ ಅನ್ನೋ ಸಹಕಾರಿ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಕ್ಕೆ ಇದನ್ನೂ ಬಳಸ್ತಾರೆ. ಹಾಗೇ ಹಚ್ಚಿದ್ರೆ ಕೆಂಪುಗಂದು. ಇದಕ್ಕೆ ಕಬ್ಬಿಣದ ನೀರು ಸೇರಿದ್ರೆ ಬಣ್ಣವೇ ಬೇರೆ! ತುಕ್ಕು ಹಿಡಿದ ಮೊಳೆ, ಬೆಲ್ಲದ ನೀರು ಒಂದು ಮಡಕೇಲಿ ಹಾಕಿ ಎರಡು ಮೂರು ವಾರ ಹುಳಿ ಬರಿಸಿ ಸೋಸಿಟ್ಕೊಳ್ಳಿ. ಅದನ್ನ ಚೊಗರಿಗೆ ಹನಿಹನಿಯಾಗಿ ಬಿಟ್ರೆ ಕಂದು ತಿರುಗಿ ಬೂದಿ ಆಗುತ್ತೆ, ಒತ್ತಿದಾಗ ಮಾಸಲು ಕಾಣಿಸಿದ್ರೂ ಗಾಳಿ ತಾಗ್ತಾ ತಾಗ್ತಾ ಕಪ್ಪಾಗ್ತಾ ಹೋಗುತ್ತೆ. ಕಬ್ಬಿಣ ಜಾಸ್ತಿ ಮಾಡ್ಬೇಡಿ, ವರ್ಷಗಳು ಕಳೆದಂಗೆ ಅದು ಕಾಗದನೇ ತಿಂದುಬಿಡುತ್ತೆ. ಅಚ್ಚಿಗೆ ಅಂಟ್ಕೊಳ್ಳಲಿ ಅಂತ ಜಾಲಿ ಅಂಟು ಕರಗಿಸಿ ಸೇರಿಸ್ತೀನಿ. ಅರಿಶಿನ, ಬೀಟ್‌ರೂಟ್ ಬೇಡವೇ ಬೇಡ, ಬಿಸಿಲಿಗೆ ಹೊರಟೇ ಹೋಗುತ್ತೆ. ಕೆಂಪು ಬೇಕಂದ್ರೆ ಕೆಮ್ಮಣ್ಣೇ ಸರಿ, ನೀರಲ್ಲಿ ಕಲಸಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನ ಬೇರೆ ಪಾತ್ರೆಗೆ ಬಗ್ಗಿಸಿ, ಅದರಲ್ಲಿ ನಿಲ್ಲೋ ನುಣುಪು ಮಣ್ಣಷ್ಟೇ ತಗೊಳ್ಳಿ.

ಅಕ್ಷರ ಕೆತ್ತಿ ಒತ್ತೋ ಅಚ್ಚಿಗೆ ಲಿನೋ ಶೀಟ್. ಅಸಲಿ ಲಿನೋ ಅಂದ್ರೆ ಅಗಸೆ ಎಣ್ಣೆ, ಕಾರ್ಕ್ ಪುಡಿ, ಹಿಂದೆ ಸೆಣಬಿನ ಬಟ್ಟೆ, ಅಂಗಡೀಲಿ ಸಿಗೋ ಮೆತ್ತನೆ ಬ್ಲಾಕ್‌ಗಳಲ್ಲಿ ಎಷ್ಟೋ ಪ್ಲಾಸ್ಟಿಕ್ಕು, ಕೇಳಿ ತಗೊಳ್ಳಿ. ಬಿಸಿಲಲ್ಲಿ ಸ್ವಲ್ಪ ಹೊತ್ತಿಟ್ರೆ ಮೆತ್ತಗಾಗಿ ಉಳಿ ಬೆಣ್ಣೆಯಲ್ಲಿ ಹೋದಂಗೆ ಹೋಗುತ್ತೆ. ಹೆಸರು ಕನ್ನಡದಲ್ಲೇ ಕೆತ್ತಿದೀನಿ, ಉಲ್ಟಾ. ನಮ್ಮ ಅಕ್ಷರದ ದುಂಡಗೆ ಕೈ ತಿರುಗಿಸೋದಲ್ಲ, ಶೀಟನ್ನ ತಿರುಗಿಸ್ಬೇಕು. ಫೋನ್ ನಂಬರ್ ಅಷ್ಟು ಸಣ್ಣದಾಗಿ ಕೆತ್ತಕ್ಕಾಗಲ್ಲ, ಅದಕ್ಕೆ ರಬ್ಬರ್ ಸ್ಟಾಂಪೇ. ಒರಟು ಕಾಗದದ ಮೇಲೆ ಕ್ಯೂಆರ್ ಕೋಡ್ ನೆಟ್ಟಗೆ ಸ್ಕ್ಯಾನ್ ಆಗಲ್ಲ, ಹಾಕಿಲ್ಲ.

ಬೀಜದ ಕಾಗದ ಯಾಕೆ ಮಾಡಲ್ಲ ಅಂತ ತುಂಬಾ ಜನ ಕೇಳ್ತಾರೆ. ತುಳಸಿ, ದಂಟಿನ ಬೀಜ ಹಾಕ್ಬಹುದು, ಆದ್ರೆ ಅಚ್ಚು ಒತ್ತೋವಾಗ ಉಬ್ಬು ಸಿಕ್ಕಿ ಅಕ್ಷರ ಮುರಿಯುತ್ತೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕಾರ್ಡನ್ನ ಮಣ್ಣಲ್ಲಿ ಹೂಳೋದಲ್ಲ, ಇಟ್ಕೊಳ್ಳಬೇಕು, ಮುಂದಿನ ವರ್ಷ ಪರ್ಸಲ್ಲಿ ಕೈಗೆ ಸಿಕ್ಕಿ ಫೋನ್ ಮಾಡ್ಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಹಾಳೆ ಒಣಗಲ್ಲ, ಬೂಸ್ಟು ಹಿಡಿಯುತ್ತೆ, ಹಾಗಾಗಿ ವರ್ಷದ ಕಾಗದ ಎಲ್ಲ ಬೇಸಿಗೆ ಮುಗಿಯೋದ್ರೊಳಗೆ ಮಾಡಿಟ್ಕೋತೀನಿ. ಸಂತೆಗೆ ಇದು ಸಾಲಲ್ಲ, ಅಲ್ಲಿ ಹಂಚಕ್ಕೆ ಅದೇ ಲಗ್ನಪತ್ರಿಕೆಯ ಖಾಲಿ ಬೆನ್ನನ್ನ ಅಳತೆಗೆ ಕತ್ತರಿಸಿ ಅದೇ ಅಚ್ಚು ಒತ್ತಿರ್ತೀನಿ, ಕೈಕಾಗದದ್ದು ಪೇಂಟಿಂಗ್ ತಗೊಂಡೋರಿಗೆ, ನಿಂತು ನಾಲ್ಕು ಮಾತಾಡಿದೋರಿಗೆ.