ಪ್ರಶ್ನೆ ಚಿಹ್ನೆ ಆಗಿಹೋಗಿದ್ದ ಹಲಂತ, ಕೊಂಬುಗಳನ್ನು ವಾಪಸ್ ತಂದೆ

"ಇದು ಆಗೋ ಕೆಲಸ ಅಲ್ಲ, ಮತ್ತೆ ಟೈಪ್ ಮಾಡಿಸಿ" ಅಂತ ಕೇಳಿದವರೆಲ್ಲ ಹೇಳಿದ್ದರು. ಕೆಟ್ಟುಹೋದ ಕನ್ನಡ ಫೈಲುಗಳನ್ನು ಸರಿಮಾಡುವ ಆ ಕೆಲಸ ಈಗ ಆಗಿದೆ. ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಪದ್ಧತಿ) ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಅದನ್ನು ಹೆಚ್ಚು ಬಿಡಿಸಿ ಹೇಳುವುದಿಲ್ಲ.

ಒಂದು ಸಣ್ಣ ಮಾಸಪತ್ರಿಕೆಯ ಹತ್ತಿರ ಹತ್ತು ವರ್ಷದ ಲೇಖನಗಳು. ಸರ್ವರ್ ಬದಲಾಯಿಸುವಾಗ ಯಾವುದೋ ಟೂಲ್ ಯುಟಿಎಫ್-8 ಬೈಟುಗಳನ್ನು ವಿಂಡೋಸ್-1252 (ಒಂದು ಬೈಟಿಗೆ ಒಂದು ಅಕ್ಷರ ಇರುವ, ಇಂಗ್ಲಿಷ್‌ನಂಥ ಭಾಷೆಗಳ ಹಳೆಯ ಪದ್ಧತಿ) ಅಂದುಕೊಂಡು ಓದಿ ಮತ್ತೆ ಉಳಿಸಿತ್ತು. ತೆರೆದರೆ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಸಾಲು ಸಾಲು. ಹಿಂದಕ್ಕೆ ತಿರುಗಿಸಿದರೆ ಸರಿಹೋಗಬೇಕು, ಅಲ್ವಾ? ಪೈಥಾನ್ ಪ್ರೋಗ್ರಾಂ ಮೊದಲ ಸಾಲಿನಲ್ಲೇ ಎರರ್ ಕೊಟ್ಟು ನಿಂತಿತು. ತಪ್ಪುಗಳನ್ನು ಬಿಟ್ಟು ಓದು ಅಂದರೆ 'ಕನ್ನಡ' ಹೋಗಿ 'ಕನ?ನಡ' ಬಂತು.

ಕಾರಣ ಇಷ್ಟು. 1252ರಲ್ಲಿ ಐದು ಜಾಗ ಖಾಲಿ: 129, 141, 143, 144, 157. 'ಕ' ಅಂದರೆ 224, 178, 149 ಅನ್ನುವ ಮೂರು ಬೈಟು. ಅದಕ್ಕೆ ತೊಂದರೆ ಇಲ್ಲ. ಆದರೆ ಕೊಂಬು (ಉಕಾರದ ಗುರುತು) 224, 179, 129. ಹಲಂತ (ವ್ಯಂಜನಕ್ಕೆ ಸ್ವರ ಇಲ್ಲ ಅಂತ ತೋರಿಸುವ ಗುರುತು, ಒತ್ತಕ್ಷರಕ್ಕೂ ಇದೇ) 224, 179, 141. ಎರಡರ ಕೊನೆ ಬೈಟೂ ಖಾಲಿ ಜಾಗಕ್ಕೇ ಬೀಳುತ್ತದೆ, ಆ ಟೂಲ್ ಎರಡಕ್ಕೂ ಪ್ರಶ್ನೆ ಚಿಹ್ನೆ ಹಾಕಿತ್ತು. ಕನ್ನಡದಲ್ಲಿ ಇವೆರಡೂ ಇಲ್ಲದ ಸಾಲು ಸಿಗುವುದೇ ಕಷ್ಟ. (ನಿಮ್ಮ ಫೈಲು ಕೆಟ್ಟಿದ್ದು ಮೈಎಸ್‌ಕ್ಯೂಎಲ್ ಡೇಟಾಬೇಸಿನ ಲ್ಯಾಟಿನ್-1 ಪದ್ಧತಿಯಿಂದ ಆಗಿದ್ದರೆ ಮೊದಲು ಅದನ್ನೇ ನೋಡಿ. ಅದು ಆ ಐದು ಬೈಟುಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ, ಏನೂ ಕಳೆದಿರುವುದಿಲ್ಲ.)

ಮತ್ತೆ ಟೈಪ್ ಮಾಡಿಸಲು ಒಂದು ಲಕ್ಷದ ಹತ್ತಿರ ಕೇಳಿದರು. ದುಡ್ಡು ಕೊಟ್ಟು ತಂದ ಒಂದು ರಿಪೇರಿ ಸಾಫ್ಟ್‌ವೇರ್ ಪ್ರಶ್ನೆ ಚಿಹ್ನೆಗಳನ್ನೆಲ್ಲ ಅಳಿಸಿಹಾಕಿತು. ಆರೇಳು ಸಾವಿರ ಅಲ್ಲಿಗೆ ಹೋಯಿತು.

ಕೊನೆಗೆ ನಾನೇ ಬರೆದೆ. ಮೊದಲು ನಿಯಮಗಳು. ಪ್ರಶ್ನೆ ಚಿಹ್ನೆಯ ನಂತರ ಅನುಸ್ವಾರ ಇದ್ದರೆ ಅದು ಕೊಂಬೇ: ತುಂಬಾ, ಕುಂಕುಮ. ನಂತರ ಜೀರೋ ವಿಡ್ತ್ ನಾನ್-ಜಾಯಿನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಇದ್ದರೆ ಹಲಂತ. ಪದದ ಕೊನೆಯಲ್ಲಿ ಹೆಚ್ಚಾಗಿ ಕೊಂಬು, ಇಂಗ್ಲಿಷ್‌ನಿಂದ ಬಂದ ಪದಗಳನ್ನು ಬಿಟ್ಟು. ಅಕ್ಕಪಕ್ಕ ಒಂದೇ ವ್ಯಂಜನ ಇದ್ದರೆ ಹಲಂತ ಅಂತ ಹಾಕಿ ನೋಡಿದೆ, 'ತುತ್ತು' ಎದುರು ಬಂತು. ಫೈಲಿನಲ್ಲಿ ಅದು ತ?ತ?ತ?. ಎಂಟು ರೀತಿ ಓದಬಹುದು. ಇಲ್ಲಿ ನಿಯಮ ಸಾಲದು, ಪದಪಟ್ಟಿ ಬೇಕು.

ಕನ್ನಡ ವಿಕಿಪೀಡಿಯದ ಡಂಪ್ (ಎಲ್ಲ ಲೇಖನಗಳ ಒಟ್ಟು ಫೈಲು) ಇಳಿಸಿಕೊಂಡು ಪಟ್ಟಿ ಮಾಡಿದೆ. ಪರವಾಗಿಲ್ಲ ಅನ್ನುವಷ್ಟಿತ್ತು. ಆಮೇಲೆ ಅದೇ ಪತ್ರಿಕೆಯ ಕೆಡದೆ ಉಳಿದ ಹೊಸ ಸಂಚಿಕೆಗಳಿಂದ ಪಟ್ಟಿ ಮಾಡಿದೆ. ಗಾತ್ರ ಹತ್ತನೇ ಒಂದು ಪಾಲೂ ಇರಲಿಲ್ಲ, ಫಲ ಮಾತ್ರ ಜಾಸ್ತಿ. ಅದೇ ಲೇಖಕರು, ಅದೇ ಕಾಗುಣಿತ. 'ಕಾಲು', 'ಕಾಲ್' ಎರಡೂ ಪಟ್ಟಿಯಲ್ಲಿದ್ದಾಗ ಹಿಂದಿನ ಪದ ನೋಡಿ ಆರಿಸುತ್ತದೆ. 'ಮಿಸ್ಡ್' ಇದ್ದರೆ ಗೊತ್ತಾಯಿತಲ್ಲ. ಯಾವ ಪದಕ್ಕೆ ಎಷ್ಟು ಅಂಕ ಕೊಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಕಡೆ ಹೊರಳಿದೆ. ಕೆಲವು ಫೈಲುಗಳಲ್ಲಿ ಠ, ಭ ಎರಡೂ ಕಾಣೆ. ಠದ ಕೊನೆ ಬೈಟ್ 160, ಅದು 1252ರಲ್ಲಿ ಮುರಿಯದ ಸ್ಪೇಸ್. ಯಾರೋ ಸ್ಪೇಸ್ ಸರಿಮಾಡುವಾಗ ಅದನ್ನು ಮಾಮೂಲಿ ಸ್ಪೇಸ್ ಮಾಡಿದ್ದರು. ಭದ್ದು 173, ಕಣ್ಣಿಗೆ ಕಾಣದ ಸಾಫ್ಟ್ ಹೈಫನ್, ಅದು ಉದುರಿಹೋಗಿತ್ತು. ಪುಟ್ಟ 2ರ ಮುಂದೆ ಸ್ಪೇಸ್ ಇದ್ದರೆ ಠ, ಏನೂ ಇಲ್ಲದಿದ್ದರೆ ಭ. 'ಪಾಠ', 'ಭಾಷೆ' ಮರಳಿ ಬಂದಾಗ ಆದ ಖುಷಿ ಅಷ್ಟಿಷ್ಟಲ್ಲ.

ಸಾವಿರ ಪದಕ್ಕೆ ಮೂರೋ ನಾಲ್ಕೋ ಮಾತ್ರ ತೀರ್ಮಾನ ಆಗದೆ ಉಳಿದವು. ದೇವರಾಜ ಅರಸು ಅಂತಲೂ ಬರೆಯುತ್ತಾರೆ, ಅರಸ್ ಅಂತಲೂ ಬರೆಯುತ್ತಾರೆ, ಯಂತ್ರ ಏನು ಮಾಡೀತು? ಅಂಥವನ್ನು ಬೇರೆ ಶೀಟಿಗೆ ಹಾಕಿ ಪತ್ರಿಕೆಯ ಹಳೆಯ ಕರಡು ತಿದ್ದುವವರಿಗೆ ಕೊಟ್ಟೆ. ಅವರಿಗೆ ಕೊಟ್ಟ ಎರಡು ಸಾವಿರ ಬಿಟ್ಟರೆ ಈ ಕೊನೆಯ ದಾರಿಗೆ ಬೇರೆ ಖರ್ಚಿಲ್ಲ.